ಲೆಕ್ಕ ಕೇಳಿದ ನಾಡು

ಆಗಸ್ಟ್ 15 ನಮ್ಮೊಬ್ಬರದೇ ಹಬ್ಬವಲ್ಲ. ನಮಗಿಂತ ಎರಡು ವರ್ಷ ಮೊದಲು, 1945ರಲ್ಲಿ, ಅದೇ ತಾರೀಖಿಗೆ ಕೊರಿಯಾ ಜಪಾನಿನ 35 ವರ್ಷಗಳ ಆಳ್ವಿಕೆಯಿಂದ ಬಿಡುಗಡೆಯಾಯಿತು. 2025ಕ್ಕೆ ಆ ಬಿಡುಗಡೆಗೆ 80 ತುಂಬಿತು. ಅಂದು ಅಲ್ಲಿ ಓದು ಬರಹ ಬಲ್ಲವರು ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ದೇಶವನ್ನು 38ನೇ ಅಕ್ಷಾಂಶದಲ್ಲಿ ಸೀಳಿದಾಗ ಗಣಿ, ಭಾರಿ ಕಾರ್ಖಾನೆ, ಜಲವಿದ್ಯುತ್ತು ಬಹುಪಾಲು ಉತ್ತರದ ಪಾಲಾದವು; ದಕ್ಷಿಣಕ್ಕೆ ದಕ್ಕಿದ್ದು ಗದ್ದೆ ಮತ್ತು ಗೇಣಿ. 1948ರ ಮೇ ತಿಂಗಳಲ್ಲಿ ಉತ್ತರದವರು ವಿದ್ಯುತ್ತನ್ನೂ ನಿಲ್ಲಿಸಿಬಿಟ್ಟರು. ಎರಡು ವರ್ಷಕ್ಕೆ ಯುದ್ಧ ಬಂತು. ಮೂರು ವರ್ಷ ನಡೆದ ಆ ಯುದ್ಧದಲ್ಲಿ ಸೋಲ್ ನಗರ ನಾಲ್ಕು ಬಾರಿ ಕೈ ಬದಲಾಯಿಸಿತು. ಇಷ್ಟೆಲ್ಲ ಆದ ನೆಲದಲ್ಲಿ ಇವತ್ತು ತಲಾ ಆದಾಯ ವರ್ಷಕ್ಕೆ 33,000 ಡಾಲರಿಗಿಂತ ಹೆಚ್ಚು. ನಮ್ಮದು 2,500ರ ಆಸುಪಾಸಿನಲ್ಲಿದೆ.

ಈ ಅಂಕಿ ಹೇಳಿದೊಡನೆ ನಮ್ಮ ವಿಚಾರಸಂಕಿರಣಗಳಲ್ಲೂ ಮದುವೆ ಮನೆಯ ಊಟದ ಸಾಲಿನಲ್ಲೂ ಒಂದೇ ಮಾತು ಕೇಳಿಬರುತ್ತದೆ. ‘ಅಲ್ಲಿ ಪಾರ್ಕ್ ಚುಂಗ್ ಹೀ ಚಾಟಿ ಹಿಡಿದು ದೇಶ ಕಟ್ಟಿದ, ನಮಗೂ ಅಂಥವನೊಬ್ಬ ಬೇಕಿತ್ತು.’ ಚಾಟಿ ಇದ್ದದ್ದು ನಿಜ. ಆದರೆ ಅದು ಯಾರ ಬೆನ್ನಿಗೆ ಬಿದ್ದಾಗ ದೇಶ ಬೆಳೆಯಿತು, ಯಾರ ಬೆನ್ನಿಗೆ ಬಿದ್ದದ್ದು ಬರಿಯ ಕ್ರೌರ್ಯ ಎಂಬುದನ್ನು ಬಿಡಿಸಿ ನೋಡುವ ತಾಳ್ಮೆ ಈ ಮಾತಾಡುವವರಿಗಿಲ್ಲ. ಚಾಟಿ ಹಿಡಿದ ಸರ್ವಾಧಿಕಾರಿಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಎಂದೂ ಬರವಿರಲಿಲ್ಲ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಲ್ಲಿ ಅವರಾಳಿದ ದೇಶಗಳು ಹೆಚ್ಚಿನವು ಬಡತನದಲ್ಲೇ ಉಳಿದವು. ಕೊರಿಯಾದ ಉತ್ತರಾರ್ಧವೇ ಅದಕ್ಕೆ ಸಾಕ್ಷಿ. ಅದೇ ಜನ, ಅದೇ ಭಾಷೆ, ದಕ್ಷಿಣಕ್ಕಿಂತ ಬಿಗಿಯಾದ ಚಾಟಿ. ಆರಂಭದಲ್ಲಿ ಕೈಗಾರಿಕೆಯೂ ಅಲ್ಲೇ ಹೆಚ್ಚು.

ಕನ್ನಡಿಗರಿಗೆ ಈ ಕಥೆಯ ಮೊದಲ ಅಂಕದಲ್ಲೇ ಒಂದು ನಂಟಿದೆ. 1953ರ ಜುಲೈ 27ರಂದು ಕದನವಿರಾಮವಾದ ಮೇಲೆ, ತಾಯ್ನಾಡಿಗೆ ಮರಳಲು ಒಲ್ಲದ ಯುದ್ಧಕೈದಿಗಳ ವಿಚಾರಣೆಗೆ ತಟಸ್ಥ ರಾಷ್ಟ್ರಗಳ ಆಯೋಗ ನೇಮಕವಾಯಿತು. ಅದರ ಅಧ್ಯಕ್ಷರಾದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀಗೆ ಭಾರತದ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದ. ಕೊನೆಗೆ ಅಮೆರಿಕನ್ನರು ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರಿಗೆ ಹತ್ತಿಸಿ, ಇಡೀ ಪಡೆಯನ್ನು ಗಾಳಿಯಲ್ಲೇ ಸಾಗಿಸಿ ನಿಸ್ಸೇನಾ ವಲಯದಲ್ಲಿ ಇಳಿಸಬೇಕಾಯಿತು. ಹೊಟ್ಟೆಗಿಲ್ಲದಿದ್ದರೂ ಹಟಕ್ಕೆ ಕಮ್ಮಿಯಿಲ್ಲದ ಸರ್ಕಾರವದು.

ರೀ ಆಡಳಿತದ ಇನ್ನೊಂದು ಮುಖ ನಮಗೆ ಚೆನ್ನಾಗಿ ಪರಿಚಯವಿರುವಂಥದ್ದೇ. ಅಮೆರಿಕದ ನೆರವಿನ ಗೋಧಿ, ಸಕ್ಕರೆ, ಹತ್ತಿ ಬಂದು ಇಳಿಯುತ್ತಿದ್ದವು. ಯಾರಿಗೆ ಎಷ್ಟು ಕೋಟಾ, ಯಾರಿಗೆ ಅಗ್ಗದ ಸರ್ಕಾರಿ ದರದಲ್ಲಿ ಡಾಲರ್ ಎಂಬುದು ಪಕ್ಷಕ್ಕೆ ಸಂದ ಕಾಣಿಕೆಯ ಮೇಲೆ ತೀರ್ಮಾನವಾಗುತ್ತಿತ್ತು. ಗಿರಣಿ ಹಾಕಿದವನು ಏನು ಉತ್ಪಾದಿಸಿದ, ಯಾರಿಗೆ ಮಾರಿದ ಎಂದು ಕೇಳುವವರಿರಲಿಲ್ಲ. ಪರವಾನಗಿ ಸಿಕ್ಕರೆ ಅದೇ ಲಾಭ. 1960ರ ಚುನಾವಣೆಯಲ್ಲಿ ಮತಪೆಟ್ಟಿಗೆಗೆ ಕೈಹಾಕಿದ್ದು ಅತಿಯಾಯಿತು. ಏಪ್ರಿಲ್ 19ರಂದು ವಿದ್ಯಾರ್ಥಿಗಳು ಬೀದಿಗಿಳಿದರು, ಮುದುಕ ರಾಜೀನಾಮೆ ಬಿಸಾಕಿ ಹವಾಯಿಗೆ ಹೊರಟುಹೋದ. ಆ ಹತ್ತು ಹನ್ನೆರಡು ವರ್ಷಗಳನ್ನು ಕೊರಿಯಾದ ಇತಿಹಾಸ ಬರೆಯುವವರು ವ್ಯರ್ಥವೆಂದು ದಾಟಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮುಂದಿನದ್ದಕ್ಕೆಲ್ಲ ಬುನಾದಿಯಾದ ಕೆಲಸವೊಂದು ಆ ಭ್ರಷ್ಟ ಕಾಲದಲ್ಲೇ ನಡೆದುಹೋಯಿತು.

ಅದು ಭೂಸುಧಾರಣೆ. ಬಿಡುಗಡೆಯ ಹೊತ್ತಿಗೆ ಕೊರಿಯಾದ ರೈತರಲ್ಲಿ ಹೆಚ್ಚಿನವರು ಗೇಣಿದಾರರು; ಬೆಳೆದದ್ದರಲ್ಲಿ ಅರ್ಧ ಒಡೆಯನ ಕಣಜಕ್ಕೆ ಹೋಗುತ್ತಿತ್ತು. ಉತ್ತರದಲ್ಲಿ ಕಮ್ಯುನಿಸ್ಟರು 1946ರಲ್ಲೇ ಜಮೀನು ಕಿತ್ತು ಹಂಚಿದ್ದರು. ಅದರ ಬಿಸಿ ದಕ್ಷಿಣಕ್ಕೆ ತಟ್ಟದೆ ಇರಲು ಸಾಧ್ಯವಿರಲಿಲ್ಲ. ಮೊದಲ ಕೃಷಿ ಸಚಿವ ಚೋ ಬೋಂಗ್ ಆಮ್, ಹಿಂದೆ ತಾನೇ ಕಮ್ಯುನಿಸ್ಟನಾಗಿದ್ದವನು, ಕಾಯ್ದೆಗೆ ರೂಪ ಕೊಟ್ಟ. 1949ರಲ್ಲಿ ಪಾಸಾಗಿ 1950ರ ಮಾರ್ಚಿನಲ್ಲಿ ತಿದ್ದುಪಡಿಯಾದ ಆ ಕಾನೂನಿನ ಪ್ರಕಾರ ಒಂದು ಕುಟುಂಬ ಇಟ್ಟುಕೊಳ್ಳಬಹುದಾದದ್ದು ಸುಮಾರು 3 ಹೆಕ್ಟೇರ್, ಅಂದರೆ ಏಳೂವರೆ ಎಕರೆ. ಉಳುವವನು ವರ್ಷದ ಬೆಳೆಯ ಒಂದೂವರೆ ಪಟ್ಟು ಬೆಲೆಯನ್ನು ಐದು ಕಂತಿನಲ್ಲಿ ಕಟ್ಟಿದರೆ ಜಮೀನು ಅವನದು. ಒಡೆಯರಿಗೆ ಸಿಕ್ಕಿದ್ದು ಸರ್ಕಾರದ ಬಾಂಡು. ಯುದ್ಧಕಾಲದ ಹಣದುಬ್ಬರದಲ್ಲಿ ಆ ಬಾಂಡು ರದ್ದಿ ಕಾಗದದ ಬೆಲೆಗೆ ಇಳಿಯಿತು. ಶತಮಾನಗಳಿಂದ ಹಳ್ಳಿಯನ್ನೂ ದರಬಾರನ್ನೂ ಆಳಿದ ವರ್ಗವೊಂದು ಹತ್ತು ವರ್ಷದೊಳಗೆ ಹೇಳಹೆಸರಿಲ್ಲದಾಯಿತು. ಚೋನನ್ನು ರೀ ಸರ್ಕಾರ ಬೇಹುಗಾರನೆಂದು ಆರೋಪಿಸಿ 1959ರಲ್ಲಿ ನೇಣಿಗೆ ಹಾಕಿತು. ಅವನು ನಿರಪರಾಧಿ ಎಂದು ಅಲ್ಲಿನ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪು ಕೊಟ್ಟಿತು.

ಭೂಮಾಲೀಕರಲ್ಲಿ ಜಾಣರಾದವರು ಇನ್ನೊಂದು ದಾರಿ ಹುಡುಕಿದ್ದರು. ಶಿಕ್ಷಣ ಸಂಸ್ಥೆಗಳ ಜಮೀನಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಹೀಗಾಗಿ ಹೊಲ ಗದ್ದೆಗಳನ್ನು ಶಾಲೆ ಕಾಲೇಜುಗಳ ಹೆಸರಿಗೆ ಬರೆದು ತಾವೇ ಸ್ಥಾಪಕರಾಗಿ ಕುಳಿತರು. ಉದ್ದೇಶ ಏನೇ ಇರಲಿ, ಊರೂರಿಗೆ ಶಾಲೆ ಬಂತು. ಗೇಣಿಯ ಹೊರೆ ಇಳಿದ ರೈತ ಮಾಡಿದ ಮೊದಲ ಖರ್ಚು ಮಕ್ಕಳ ಓದಿನ ಮೇಲೆ. ಮಗನ ಕಾಲೇಜು ಫೀಜಿಗೆ ಎತ್ತು ಮಾರಿದವರು ಎಷ್ಟು ಮಂದಿಯೆಂದರೆ, ವಿಶ್ವವಿದ್ಯಾಲಯಗಳನ್ನು ಅಲ್ಲಿನ ಜನ ಎತ್ತಿನ ಮೂಳೆಯ ಗೋಪುರಗಳೆಂದು ಕುಹಕವಾಡುತ್ತಿದ್ದರು. 1960ರ ಹೊತ್ತಿಗೆ ಓದಲು ಬಲ್ಲ, ಆದರೆ ಕೆಲಸವಿಲ್ಲದ ಲಕ್ಷಾಂತರ ಯುವಕ ಯುವತಿಯರು ಸಿದ್ಧರಿದ್ದರು. ಪಾರ್ಕ್ ಚುಂಗ್ ಹೀ ಅಧಿಕಾರಕ್ಕೆ ಬಂದಾಗ ಅವನ ಕೈಗೆ ಸಿಕ್ಕಿದ್ದು ಈ ದೇಶ. ಇದನ್ನು ಅವನು ಸೃಷ್ಟಿಸಲಿಲ್ಲ.

ನಮ್ಮಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕಾನೂನಾಗಿ ಹಲ್ಲು ಪಡೆದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ಸಾಲುಗಟ್ಟಿ ನಿಂತವರ ಮೊಮ್ಮಕ್ಕಳು ಇಂದು ಎಂಜಿನಿಯರುಗಳೂ ಮೇಷ್ಟರುಗಳೂ ಆಗಿದ್ದಾರೆ. ಕರಾವಳಿ ಮಲೆನಾಡುಗಳಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ. ಕೊರಿಯಾ ಅದನ್ನು ಇಪ್ಪತ್ತೈದು ವರ್ಷ ಮೊದಲೇ, ಇಡೀ ದೇಶದಲ್ಲಿ ಒಮ್ಮೆಗೇ ಮಾಡಿ ಮುಗಿಸಿತ್ತು. ಭಾರತದ ಹಲವು ರಾಜ್ಯಗಳಲ್ಲಿ ಅದು ಕಡತದಿಂದ ಮೇಲೇಳಲೇ ಇಲ್ಲ.

1961ರ ಮೇ 16ರಂದು ಪಾರ್ಕ್ ಸೈನ್ಯ ತಂದು ಸೋಲ್ ವಶಪಡಿಸಿಕೊಂಡ. ಮಾಜಿ ಶಾಲಾ ಮಾಸ್ತರ. ಜಪಾನೀಯರ ಮಂಚೂರಿಯಾ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ಬಂದವನೇ ದೊಡ್ಡ ದೊಡ್ಡ ವ್ಯಾಪಾರಿಗಳನ್ನು ಅಕ್ರಮ ಸಂಪತ್ತಿನ ಆರೋಪದ ಮೇಲೆ ಹಿಡಿದು ಒಳಗೆ ಹಾಕಿಸಿದ. ಸ್ಯಾಮ್ಸಂಗ್ ಸ್ಥಾಪಕ ಲೀ ಬ್ಯುಂಗ್ ಚುಲ್ ಆಗ ಟೋಕಿಯೊದಲ್ಲಿದ್ದ. ಮರಳಿ ಬಂದು ಪಾರ್ಕ್ ಎದುರು ಕುಳಿತ. ಇವರನ್ನೆಲ್ಲ ಜೈಲಿನಲ್ಲಿಟ್ಟರೆ ಕಾರ್ಖಾನೆ ಹಾಕುವವರು ಯಾರು ಎಂಬುದು ವಾದ. ಕೊನೆಗೆ ಒಪ್ಪಂದವಾಯಿತು: ದಂಡದ ಬದಲು ಕಾರ್ಖಾನೆ ಕಟ್ಟಿ. ಬ್ಯಾಂಕುಗಳನ್ನು ಮಾತ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಇಲ್ಲಿಯವರೆಗೆ ಇದು ಯಾವ ಮಿಲಿಟರಿ ಆಡಳಿತದಲ್ಲಿಯೂ ನಡೆಯುವ ಚೌಕಾಸಿಯೇ. ಬೇರೆಯಾದದ್ದು ಆಮೇಲಿನದು.

ಸಾಲ, ಡಾಲರು, ತೆರಿಗೆ ರಿಯಾಯಿತಿ ಎಲ್ಲವೂ ಒಂದೇ ಅಳತೆಗೆ ಗಂಟುಬಿದ್ದವು. ಎಷ್ಟು ರಫ್ತು ಮಾಡಿದಿರಿ? 1965ರ ಬಡ್ಡಿ ಸುಧಾರಣೆಯ ನಂತರ ಮಾಮೂಲಿ ಬ್ಯಾಂಕ್ ಸಾಲಕ್ಕೆ ಶೇ 26ರವರೆಗೆ ಬಡ್ಡಿಯಿದ್ದರೆ, ರಫ್ತಿನ ಆದೇಶಪತ್ರ ತೋರಿಸಿದವನಿಗೆ ಶೇ 6ರ ಸುಮಾರಿಗೆ ಸಾಲ ಸಿಗುತ್ತಿತ್ತು. ಪ್ರತಿ ತಿಂಗಳೂ ಅಧ್ಯಕ್ಷನೇ ಕುಳಿತು ರಫ್ತು ಸಭೆ ನಡೆಸುತ್ತಿದ್ದ. ಸಚಿವರು, ಬ್ಯಾಂಕಿನವರು, ಕಾರ್ಖಾನೆ ಮಾಲೀಕರು ಎಲ್ಲರೂ ಒಂದೇ ಕೋಣೆಯಲ್ಲಿ. ಗೋಡೆಯ ಮೇಲೆ ಗುರಿ ಮತ್ತು ಸಾಧನೆಯ ಪಟ್ಟಿ. ಬಂದರಿನಲ್ಲಿ ಸರಕು ಏಕೆ ನಿಂತಿದೆ ಎಂದು ಒಬ್ಬ ದೂರಿದರೆ ಅಲ್ಲೇ ಇದ್ದ ಅಧಿಕಾರಿ ಉತ್ತರ ಹೇಳಬೇಕು. ದೇಶದೊಳಗಿನ ಮಾರುಕಟ್ಟೆಯಲ್ಲಿ ಸುಳ್ಳು ಲೆಕ್ಕ ತೋರಿಸಬಹುದು, ಮಂತ್ರಿಗೆ ಹೇಳಿಸಿ ಕಳಪೆ ಮಾಲನ್ನೂ ದಾಟಿಸಬಹುದು. ನ್ಯೂಯಾರ್ಕಿನ ಗಿರಾಕಿಗೆ ಆ ಮುಲಾಜಿಲ್ಲ. ಈ ಒಂದು ಕಾರಣಕ್ಕೆ ರಫ್ತು ಅಳತೆಗೋಲಾಗಿ ಕೆಲಸ ಮಾಡಿತು. 1964ರ ನವೆಂಬರ್ 30ಕ್ಕೆ ವರ್ಷದ ರಫ್ತು 10 ಕೋಟಿ ಡಾಲರ್ ಮುಟ್ಟಿತು. 1970ಕ್ಕೆ 100 ಕೋಟಿ, 1977ಕ್ಕೆ 1,000 ಕೋಟಿ.

ಲೆಕ್ಕ ತಪ್ಪಿದ ದೊಡ್ಡವರನ್ನು ಸರ್ಕಾರ ಮುಟ್ಟುತ್ತಿತ್ತು ಎಂಬುದು ಇಲ್ಲಿ ಮುಖ್ಯ. 1966ರಲ್ಲಿ ಸ್ಯಾಮ್ಸಂಗ್ ಬಳಗದ ರಸಗೊಬ್ಬರ ಕಂಪನಿ, ಕಾರ್ಖಾನೆಯ ಸಾಮಗ್ರಿಯ ನೆಪದಲ್ಲಿ ಸ್ಯಾಕರಿನ್ ಕಳ್ಳಸಾಗಣೆ ಮಾಡಿ ಸಿಕ್ಕಿಬಿತ್ತು. ಆ ಹಗರಣ ಮುಗಿದಾಗ ಕಂಪನಿಯ ಶೇ 51 ಷೇರು ಸರ್ಕಾರದ ಪಾಲಾಗಿತ್ತು. ಹಾಗೆಂದು ಪಾರ್ಕ್ ಸತ್ಯಹರಿಶ್ಚಂದ್ರನೇನಲ್ಲ. ಅವನ ಪಕ್ಷಕ್ಕೂ ಗುಪ್ತ ನಿಧಿ ಹರಿಯುತ್ತಲೇ ಇತ್ತು. ರೀ ಕಾಲದಲ್ಲಿ ಕಾಣಿಕೆ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಈಗ ಕಾಣಿಕೆ ಕೊಟ್ಟ ಮೇಲೂ ಸರಕು ಹಡಗು ಹತ್ತಬೇಕಿತ್ತು. ಭ್ರಷ್ಟಾಚಾರ ಇದ್ದರೂ ದೇಶ ಬೆಳೆಯಬಹುದು ಎಂಬ ಅಹಿತಕರ ಸತ್ಯವನ್ನು ಕೊರಿಯಾ ಓದುವವರು ಒಪ್ಪಿಕೊಳ್ಳಲೇಬೇಕು.

ಮೊದಮೊದಲು ಮಾರಲು ಏನಿತ್ತು? ಪ್ಲೈವುಡ್ಡು, ಅಂಗಿ, ಮತ್ತು ಕೂದಲು. ಅಮೆರಿಕದಲ್ಲಿ ವಿಗ್ಗಿನ ಫ್ಯಾಷನ್ ಬಂದಿತ್ತು. ಚೀನಾದ ಕೂದಲಿಗೆ ಅಲ್ಲಿ ನಿಷೇಧವಿತ್ತು. ಕೊರಿಯಾದ ಹೆಂಗಸರು ಜಡೆ ಕತ್ತರಿಸಿ ಮಾರಿದರು, ಹಳ್ಳಿಯಿಂದ ಬಂದ ಹುಡುಗಿಯರು ಅದನ್ನು ಎಳೆ ಎಳೆಯಾಗಿ ಹೆಣೆದರು. 1970ರಲ್ಲಿ ದೇಶದ ರಫ್ತಿನ ಹತ್ತನೇ ಒಂದು ಭಾಗಕ್ಕೆ ಸಮೀಪ ಬರೀ ವಿಗ್ಗು. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಎಂದು ನಾವು ಗೇಲಿ ಮಾಡುತ್ತೇವೆ. ಅಲ್ಲಿ ಜುಟ್ಟೇ ಹಿಟ್ಟಾಯಿತು. ಗಂಡಸರು ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗಿಳಿದರು, ಹೆಣ್ಣುಮಕ್ಕಳು ಅದೇ ದೇಶದ ಆಸ್ಪತ್ರೆಗಳಲ್ಲಿ ದಾದಿಯರಾದರು, ಮೂರು ಲಕ್ಷದಷ್ಟು ಸೈನಿಕರು ಸರದಿಯ ಮೇಲೆ ವಿಯೆಟ್ನಾಮಿಗೆ ಹೋದರು. ಎಲ್ಲ ಕಡೆಯಿಂದ ಡಾಲರು ಬಂತು. ವಿಯೆಟ್ನಾಮಿನಿಂದ ಬಂದ ಡಾಲರಿಗೆ ರಕ್ತದ ಕಲೆಯಿತ್ತು. ಕೊಲ್ಲಲ್ಪಟ್ಟ ಹಳ್ಳಿಗರ ಕಡೆಯವರು ಇವತ್ತಿಗೂ ಸೋಲ್ ನ್ಯಾಯಾಲಯಗಳ ಬಾಗಿಲು ಬಡಿಯುತ್ತಿದ್ದಾರೆ.

ಉಕ್ಕಿನ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ಅದಿರಿಲ್ಲ, ಕೋಕಿಂಗ್ ಕಲ್ಲಿದ್ದಲಿಲ್ಲ, ಹಣವಿಲ್ಲ, ಉಕ್ಕು ಮಾಡಿ ಅಭ್ಯಾಸವಿಲ್ಲ. 1960ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕು ಈ ಯೋಜನೆ ಗಿಟ್ಟುವುದಿಲ್ಲವೆಂದು ಹೇಳಿತು. ಪಾಶ್ಚಾತ್ಯ ಕಂಪನಿಗಳ ಒಕ್ಕೂಟವೂ ಕೈತೊಳೆದುಕೊಂಡಿತು. 1965ರಲ್ಲಿ ಜಪಾನಿನೊಡನೆ ಆದ ಒಪ್ಪಂದದಲ್ಲಿ 30 ಕೋಟಿ ಡಾಲರ್ ಅನುದಾನ, 20 ಕೋಟಿ ಸಾಲ ಸಿಕ್ಕಿತ್ತು. ಅದರಲ್ಲೊಂದು ಪಾಲನ್ನು ಉಕ್ಕಿಗೆ ತಿರುಗಿಸಲಾಯಿತು. ಪೋಹಾಂಗ್ ಎಂಬ ಮೀನುಗಾರರ ಊರಿನ ಮರಳ ತೀರದಲ್ಲಿ ನಿವೃತ್ತ ಸೇನಾಧಿಕಾರಿ ಪಾರ್ಕ್ ತೇ ಜೂನ್ ಡೇರೆ ಹಾಕಿದ. ಇದು ಪೂರ್ವಜರ ರಕ್ತದ ಹಣ, ಸೋತರೆ ಎಲ್ಲರೂ ಬಲಕ್ಕೆ ತಿರುಗಿ ನಡೆದು ಯೋಂಗಿಲ್ ಕೊಲ್ಲಿಗೆ ಬೀಳೋಣ ಎಂದು ಕೆಲಸಗಾರರಿಗೆ ಹೇಳುತ್ತಿದ್ದನಂತೆ. 1973ರ ಜೂನ್ 9ರ ಬೆಳಿಗ್ಗೆ ಮೊದಲ ಕುಲುಮೆಯಿಂದ ಕರಗಿದ ಕಬ್ಬಿಣ ಹರಿಯಿತು. ನಾಲ್ಕು ವರ್ಷದ ಮೇಲೆ ವಿಸ್ತರಣೆಯ ಕಾಮಗಾರಿಯಲ್ಲಿ ಒಂದು ಕಾಂಕ್ರೀಟ್ ತಳಪಾಯ ಕಳಪೆಯಾಗಿರುವುದು ಅವನ ಕಣ್ಣಿಗೆ ಬಿತ್ತು. ಬಹುಪಾಲು ಮುಗಿದಿದ್ದ ಕೆಲಸವದು; ತೇಪೆ ಹಚ್ಚಿ ಮುಂದುವರಿಸಬಹುದಿತ್ತು. ಅವನು ಕಂತ್ರಾಟುದಾರರನ್ನೂ ಎಂಜಿನಿಯರುಗಳನ್ನೂ ಎದುರಿಗೆ ನಿಲ್ಲಿಸಿಕೊಂಡು ಡೈನಮೈಟ್ ಇಟ್ಟು ಉಡಾಯಿಸಿಬಿಟ್ಟ. ನಮ್ಮ ಸೇತುವೆ, ಮೇಲ್ಸೇತುವೆಗಳ ಉದ್ಘಾಟನೆ ನೋಡಿದವರಿಗೆ ಈ ದೃಶ್ಯದ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ಭದ್ರಾವತಿ ನೆನಪಾಗದೆ ಇರುವುದಿಲ್ಲ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ, ಪೋಹಾಂಗಿಗಿಂತ ಸರಿಯಾಗಿ 50 ವರ್ಷ ಮೊದಲು. ಕೆಮ್ಮಣ್ಣುಗುಂಡಿಯ ಅದಿರಿತ್ತು, ಮಲೆನಾಡಿನ ಕಾಡಿನ ಇದ್ದಿಲಿತ್ತು, ವಿಶ್ವೇಶ್ವರಯ್ಯನವರಂಥ ಮನುಷ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವರ್ಷಗಟ್ಟಲೆ ಅದನ್ನು ಎತ್ತಿ ನಿಲ್ಲಿಸಿದರು. ಕೈಚಳಕದ ಕೊರತೆಯಾಗಲಿ ನಿಷ್ಠೆಯ ಕೊರತೆಯಾಗಲಿ ಇರಲಿಲ್ಲ. ಆದರೆ ಆಮದು ಸುಂಕ, ರೈಲು ದರ, ರೂಪಾಯಿಯ ವಿನಿಮಯ ಇವುಗಳಲ್ಲಿ ಒಂದೂ ಮೈಸೂರಿನ ಕೈಯಲ್ಲಿರಲಿಲ್ಲ. ಅವೆಲ್ಲ ದಿಲ್ಲಿಯಲ್ಲೂ ಲಂಡನ್ನಿನಲ್ಲೂ ತೀರ್ಮಾನವಾಗುತ್ತಿದ್ದವು. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದಾಗ ಸಂಸ್ಥಾನ ಅಸಹಾಯಕವಾಗಿ ನೋಡಬೇಕಾಯಿತು. ಸಾರ್ವಭೌಮತ್ವವಿಲ್ಲದ ಉದ್ಯಮಶೀಲತೆಗೆ ಎಟಕುವ ಎತ್ತರ ಎಷ್ಟೆಂಬುದನ್ನು ಭದ್ರಾವತಿ ತೋರಿಸಿತು. ಸ್ವಾತಂತ್ರ್ಯ ಬಂದ ಮೇಲಿನ ಕಥೆಗೆ ಆ ನೆಪವಿಲ್ಲ. ದೇಶಕ್ಕೆ ಅಧಿಕಾರವಿತ್ತು, ಕಾರ್ಖಾನೆಗೆ ರಕ್ಷಣೆಯಿತ್ತು. ಜಗತ್ತಿನ ಬೆಲೆಗೆ ಜಗತ್ತಿನ ಗುಣಮಟ್ಟದಲ್ಲಿ ಎಂದು ಮಾರುತ್ತೀರಿ ಎಂದು ತಾರೀಖು ಹಾಕಿ ಕೇಳುವವರು ಇರಲಿಲ್ಲ. 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ಹೊತ್ತಿಗೆ ಸರಿಯಾಗಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗೆ ಬಂದರು. ಅವರ ತಪ್ಪು ಇದರಲ್ಲಿ ತೀರಾ ಸ್ವಲ್ಪ.

ಇನ್ನು ಚಾಟಿಯ ಇನ್ನೊಂದು ತುದಿ. ಸೋಲ್ ನಗರದ ಪ್ಯೊಂಗ್ಹ್ವಾ ಮಾರುಕಟ್ಟೆಯ ಮೇಲಟ್ಟದಲ್ಲಿ, ನೆಟ್ಟಗೆ ನಿಲ್ಲಲೂ ಆಗದ ತಗ್ಗು ಮಾಡಿನ ಕೆಳಗೆ, 13-14 ವರ್ಷದ ಹುಡುಗಿಯರು ದಿನಕ್ಕೆ ಹದಿನಾಲ್ಕು ತಾಸು ಬಟ್ಟೆ ಹೊಲಿಯುತ್ತಿದ್ದರು. ಅಲ್ಲಿ ದರ್ಜಿಯಾಗಿದ್ದ ಜಿಯೋನ್ ತೇ ಇಲ್ ಬಸ್ಸಿನ ಚಾರ್ಜಿನಲ್ಲಿ ಅವರಿಗೆ ತಿನಿಸು ಕೊಡಿಸಿ ತಾನು ಮನೆಗೆ ನಡೆದು ಹೋಗುತ್ತಿದ್ದ. ಕಾರ್ಮಿಕರನ್ನು ಕಾಯುವ ಕಾನೂನೊಂದು ಇದೆಯೆಂದು ಹೇಗೋ ತಿಳಿದು ಪುಸ್ತಕ ತಂದುಕೊಂಡ. ಅದು ಚೀನೀ ಅಕ್ಷರಗಳಿಂದ ತುಂಬಿತ್ತು. ಓದಿ ಹೇಳಲು ಒಬ್ಬ ಕಾಲೇಜು ಗೆಳೆಯನಿದ್ದಿದ್ದರೆ ಎಂದು ಹಂಬಲಿಸಿದ. ಅರ್ಜಿ ಹಿಡಿದು ಕಾರ್ಮಿಕ ಇಲಾಖೆಗೆ ಅಲೆದ, ಪತ್ರಿಕೆಗಳಿಗೆ ತಿಳಿಸಿದ. ಯಾವುದೂ ನಡೆಯಲಿಲ್ಲ. 1970ರ ನವೆಂಬರ್ 13ರಂದು ಆ ಕಾನೂನಿನ ಪುಸ್ತಕವನ್ನು ಸುಡುವ ಪ್ರತಿಭಟನೆಯಲ್ಲಿ ತನ್ನ ಮೈಗೇ ಬೆಂಕಿ ಹಚ್ಚಿಕೊಂಡ. ಅವನಿಗೆ 22 ವರ್ಷ. ಮಾಲೀಕರಿಂದ ಪ್ರತಿ ತಿಂಗಳೂ ಲೆಕ್ಕ ಕೇಳುತ್ತಿದ್ದ ಸರ್ಕಾರ, ತನ್ನದೇ ಕಾನೂನಿನ ಲೆಕ್ಕ ಕೇಳಿದ ಹುಡುಗನಿಗೆ ಕಿವುಡಾಗಿತ್ತು.

ವಿಗ್ಗಿನ ಉದ್ಯಮ ಮುಗಿದದ್ದೂ ಹೀಗೆಯೇ. ವೈ.ಎಚ್. ಎಂಬ ದೊಡ್ಡ ವಿಗ್ ಕಂಪನಿಯ ಮಾಲೀಕ ಹಣವನ್ನು ಅಮೆರಿಕಕ್ಕೆ ಸಾಗಿಸಿ ಕಾರ್ಖಾನೆಗೆ ಬೀಗ ಹಾಕಿದ. 1979ರ ಆಗಸ್ಟಿನಲ್ಲಿ ಅಲ್ಲಿನ ಹೆಣ್ಣುಮಕ್ಕಳು ವಿರೋಧ ಪಕ್ಷದ ಕಚೇರಿಯಲ್ಲಿ ಧರಣಿ ಕೂತರು. ಪೊಲೀಸರು ರಾತ್ರಿ ನುಗ್ಗಿದರು; ಕಿಮ್ ಕ್ಯುಂಗ್ ಸೂಕ್ ಎಂಬ ಯುವತಿ ಸತ್ತಳು. ಅದನ್ನು ಖಂಡಿಸಿದ ವಿರೋಧ ಪಕ್ಷದ ನಾಯಕನನ್ನು ಸಂಸತ್ತಿನಿಂದ ಹೊರಹಾಕಲಾಯಿತು. ಅವನ ಸೀಮೆಯಾದ ಬುಸಾನ್, ಮಸಾನ್ ಊರುಗಳು ಅಕ್ಟೋಬರಿನಲ್ಲಿ ದಂಗೆಯೆದ್ದವು. ದಂಗೆಯನ್ನು ಹೇಗೆ ಅಡಗಿಸಬೇಕೆಂಬ ಜಗಳದ ನಡುವೆ, ಅಕ್ಟೋಬರ್ 26ರ ರಾತ್ರಿ, ಊಟದ ಮೇಜಿನಲ್ಲಿ ಪಾರ್ಕ್‌ನ ಗುಪ್ತಚರ ಮುಖ್ಯಸ್ಥನೇ ಅವನಿಗೆ ಗುಂಡು ಹೊಡೆದ. ರಫ್ತಿನ ಪವಾಡಕ್ಕೆ ನಾಂದಿ ಹಾಡಿದ್ದ ವಿಗ್ಗಿನ ಹುಡುಗಿಯರ ಧರಣಿಯಿಂದ ಅವನ ಸಾವಿಗೆ ಎರಡೂವರೆ ತಿಂಗಳು.

‘ಸರ್ವಾಧಿಕಾರ ಹೋದರೆ ಪ್ರಗತಿ ನಿಲ್ಲುತ್ತದೆ’ ಎಂಬ ವಾದಕ್ಕೆ ಉತ್ತರ ಮುಂದಿನ ಇಪ್ಪತ್ತು ವರ್ಷಗಳಲ್ಲಿದೆ. ಪಾರ್ಕ್ ನಂತರ ಚುನ್ ಡೂ ಹ್ವಾನ್ ಬಂದ, 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ತನ್ನದೇ ಜನರ ಮೇಲೆ ಸೈನ್ಯ ಹರಿಸಿದ. 1987ರ ಜೂನಿನಲ್ಲಿ ದೇಶವೇ ಬೀದಿಗಿಳಿದು ನೇರ ಚುನಾವಣೆಯನ್ನು ಕಿತ್ತುಕೊಂಡಿತು. ಆಮೇಲೆ ಕೂಲಿ ಏರಿತು, ಸಂಘಗಳು ಬಲವಾದವು, ಆದರೂ ಬೆಳವಣಿಗೆ ನಿಲ್ಲಲಿಲ್ಲ. ಬದಲಿಗೆ ಅಗ್ಗದ ಕೂಲಿಯನ್ನೇ ನಂಬಿದ್ದ ಕಂಪನಿಗಳು ಸಂಶೋಧನೆಯತ್ತ ಹೊರಳಬೇಕಾಯಿತು. ಇಂದು ರಾಷ್ಟ್ರೀಯ ಉತ್ಪನ್ನದ ಶೇ 5ರಷ್ಟನ್ನು ಕೊರಿಯಾ ಸಂಶೋಧನೆಗೆ ಸುರಿಯುತ್ತದೆ. ಭಾರತದ್ದು ಶೇ 0.65ರ ಹತ್ತಿರ. ಬೆಂಗಳೂರಿನಲ್ಲಿ ಸ್ಯಾಮ್ಸಂಗ್ ಸಂಶೋಧನಾಲಯವೇ ಇದೆ, ಸಾವಿರಾರು ನಮ್ಮ ಹುಡುಗರು ಅಲ್ಲಿ ದುಡಿಯುತ್ತಾರೆ. ಪೇಟೆಂಟಿನ ಒಡೆತನ ಮಾತ್ರ ಸಮುದ್ರದಾಚೆ.

ಲೆಕ್ಕ ಕೇಳುವುದು ನಿಂತಾಗ ಏನಾಗುತ್ತದೆಂಬುದನ್ನೂ ಕೊರಿಯಾವೇ ತೋರಿಸಿತು. 1990ರ ದಶಕದಲ್ಲಿ ಉದ್ಯಮ ಮನೆತನಗಳು ಸರ್ಕಾರಕ್ಕಿಂತ ದೊಡ್ಡವಾಗಿದ್ದವು. ಇಷ್ಟು ದೊಡ್ಡ ಮನೆಯನ್ನು ಯಾರು ಬೀಳಲು ಬಿಡುತ್ತಾರೆ ಎಂಬ ಧೈರ್ಯದ ಮೇಲೆ ಸಾಲದ ಮೇಲೆ ಸಾಲ ಮಾಡಿದರು. ಹಾನ್ಬೋ ಸ್ಟೀಲ್ ಕಂಪನಿ ರಾಜಕಾರಣಿಗಳಿಗೆ ಲಂಚ ಕೊಟ್ಟು ಪಡೆದ ಸಾಲದಲ್ಲಿ ಮುಳುಗಿ 1997ರ ಜನವರಿಯಲ್ಲಿ ಕೈಚೆಲ್ಲಿತು. ಅದೇ ವರ್ಷದ ಕೊನೆಗೆ ದೇಶವೇ ಐಎಂಎಫ್ ಮುಂದೆ ಕೈಚಾಚಿತು. ಅದೇ ಚಳಿಗಾಲದಲ್ಲಿ ಸುಮಾರು 35 ಲಕ್ಷ ಜನ ಸಾಲಿನಲ್ಲಿ ನಿಂತು ಮದುವೆಯುಂಗುರ, ಮಕ್ಕಳ ಮೊದಲ ಹುಟ್ಟುಹಬ್ಬದ ಉಂಗುರಗಳನ್ನು ಕೊಟ್ಟರು. ಒಟ್ಟು 227 ಟನ್ ಚಿನ್ನ. ಈ ದೇಶಭಕ್ತಿಯನ್ನು ಎಲ್ಲರೂ ಕೊಂಡಾಡುತ್ತಾರೆ. ಮನೆತನಗಳು ಮಾಡಿದ ಸಾಲಕ್ಕೆ ಬಾಣಂತಿಯರು ಉಂಗುರ ಬಿಚ್ಚಬೇಕಾದ್ದು ಎಷ್ಟರಮಟ್ಟಿಗೆ ಹೆಮ್ಮೆಯ ವಿಷಯ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಡೇವೂ ಮಾತ್ರ ಉಳಿಯಲಿಲ್ಲ. 1999ರಲ್ಲಿ ಅದನ್ನು ಬೀಳಲು ಬಿಟ್ಟರು, ಮತ್ತು ಅದು ಸರಿಯಾದ ಕೆಲಸ. ಐಎಂಎಫ್ ಸಾಲ 2001ರ ಆಗಸ್ಟಿಗೆ ತೀರಿತು.

ಆಮೇಲೆ ಲೆಕ್ಕ ಕೇಳುವ ಕೆಲಸವನ್ನು ಜನರೇ ಕೈಗೆತ್ತಿಕೊಂಡಂತೆ ಕಾಣುತ್ತದೆ. ಚುನ್ ಮತ್ತು ಅವನ ಉತ್ತರಾಧಿಕಾರಿ ರೋ ತೇ ವೂ 1996ರಲ್ಲೇ ಶಿಕ್ಷೆಗೊಳಗಾಗಿದ್ದರು; ಪಾರ್ಕ್‌ನ ಮಗಳು ಪಾರ್ಕ್ ಗುನ್ ಹೇ ಅಧ್ಯಕ್ಷೆಯಾಗಿ, ಮೋಂಬತ್ತಿ ಹಿಡಿದ ಲಕ್ಷಾಂತರ ಜನರೆದುರು ಪದಚ್ಯುತಳಾಗಿ ಜೈಲು ಸೇರಿದಳು. ಜಪಾನೀ ಉಕ್ಕಿನ ಕಾರ್ಖಾನೆಗಳಲ್ಲಿ ಬಲವಂತದ ಜೀತ ಮಾಡಿದ ಮುದುಕರಿಗೆ ಪರಿಹಾರ ಕೊಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪೋಹಾಂಗ್ ಕಟ್ಟಿದ 1965ರ ಒಪ್ಪಂದದ ಹಣ ಅವರ ನೋವಿನ ಹೆಸರಿನಲ್ಲೇ ಬಂದಿತ್ತು, ಅವರ ಕೈಗೆ ಬಂದಿರಲಿಲ್ಲ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಮಿಲಿಟರಿ ಕಾನೂನು ಘೋಷಿಸಿದಾಗ ಸಂಸದರು ಸಂಸತ್ತಿನ ಬೇಲಿ ಹಾರಿ ಒಳಹೋದರು. ನಡುರಾತ್ರಿಯ ಮೇಲೆ 190 ಮಂದಿ ಸೇರಿ ಒಂದೇ ಒಂದು ವಿರೋಧ ಮತವಿಲ್ಲದೆ ಅದನ್ನು ರದ್ದುಮಾಡಿದರು. ಅವನ ಜಾಗಕ್ಕೆ 2025ರ ಜೂನಿನಲ್ಲಿ ಆಯ್ಕೆಯಾದ ಲೀ ಜೇ ಮ್ಯುಂಗ್, ಪಾರ್ಕ್ ಕಾಲದ ಕಾರ್ಖಾನೆಯಲ್ಲಿ ಬಾಲಕಾರ್ಮಿಕನಾಗಿದ್ದು ಯಂತ್ರಕ್ಕೆ ಕೈ ಕೊಟ್ಟುಕೊಂಡವನು. ಹಾಗೆಂದು ಎಲ್ಲ ನೆಟ್ಟಗಾಗಿದೆಯೆಂದಲ್ಲ. ಸ್ಯಾಮ್ಸಂಗ್ ಮುಖ್ಯಸ್ಥ ಲಂಚದ ಪ್ರಕರಣದಲ್ಲಿ ಜೈಲಿಗೆ ಹೋದರೂ ದೇಶದ ಆರ್ಥಿಕತೆಯ ಹೆಸರಿನಲ್ಲಿ 2022ರಲ್ಲಿ ಕ್ಷಮಾದಾನ ಪಡೆದ.

ಸಿರಿವಂತಿಕೆಯ ಬೆಲೆ ಈಗ ಬೇರೆ ರೂಪದಲ್ಲಿ ಬರುತ್ತಿದೆ. ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು 2023ರಲ್ಲಿ 0.72, ಮರುವರ್ಷ 0.75; ಜನಸಂಖ್ಯೆ ಕುಗ್ಗದಿರಲು 2.1 ಬೇಕು. ಹಿರಿಯರಲ್ಲಿ ನೂರಕ್ಕೆ ನಲವತ್ತು ಮಂದಿಯಷ್ಟು ಬಡವರು. ಇವರೇ ಜಡೆ ಮಾರಿದವರು, ಗಣಿಗಿಳಿದವರು. ನವೆಂಬರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಆಲಿಸುವ ಭಾಗ ಮುಗಿಯುವ ತನಕ ವಿಮಾನಗಳೂ ಇಳಿಯುವಂತಿಲ್ಲ. ಎತ್ತು ಮಾರಿ ಓದಿಸಿದ ಅಪ್ಪನ ಆಸೆ ಮೊಮ್ಮಕ್ಕಳ ಕಾಲಕ್ಕೆ ಕುತ್ತಿಗೆಯ ಉರುಳಾಗಿದೆ. ಮಗುವೊಂದನ್ನು ಈ ಓಟಕ್ಕೆ ಹಚ್ಚುವುದಕ್ಕಿಂತ ಹೆರದಿರುವುದೇ ವಾಸಿ ಎಂದು ಯುವತಿಯರು ತೀರ್ಮಾನಿಸಿದ್ದಾರೆ. ಅವರನ್ನು ಯಾವ ರಫ್ತು ಸಭೆಯೂ ಒಪ್ಪಿಸಲಾರದು.

ಪೋಹಾಂಗಿನ ಆ ಕಂಪನಿ ನಮ್ಮ ಬಾಗಿಲಿಗೂ ಬಂದಿತ್ತು. 2010ರ ಜೂನ್‌ನಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದ ಹೊತ್ತಿಗೆ ಪೋಸ್ಕೊ ಮತ್ತು ಕರ್ನಾಟಕ ಸರ್ಕಾರದ ನಡುವೆ 32,000 ಕೋಟಿ ರೂಪಾಯಿಗೂ ಮಿಕ್ಕಿದ ಒಡಂಬಡಿಕೆಯಾಯಿತು. ವರ್ಷಕ್ಕೆ 60 ಲಕ್ಷ ಟನ್ನಿನ ಕಾರ್ಖಾನೆ, ಗದಗ ಜಿಲ್ಲೆಯ ಹಳ್ಳಿಗುಡಿಯ ಸುತ್ತಮುತ್ತ. ಎರೆಭೂಮಿಯ ರೈತರು ಒಪ್ಪಲಿಲ್ಲ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಜೊತೆ ನಿಂತರು. ಸರ್ಕಾರ ಹಿಂದೆ ಸರಿಯಿತು, 2013ರ ಜುಲೈನಲ್ಲಿ ಕಂಪನಿಯೂ ಯೋಜನೆ ಕೈಬಿಟ್ಟಿತು. ಅಭಿವೃದ್ಧಿಗೆ ಅಡ್ಡಗಾಲು ಎಂದು ಗದಗಿನವರನ್ನು ಬೈದ ಸಂಪಾದಕೀಯಗಳು ಆಗ ಬಂದವು. ನನ್ನ ಅಭಿಪ್ರಾಯ ಬೇರೆ. ಕೊಡಲು ಹೊರಟಿದ್ದು ಅವರ ಜಮೀನಾದ್ದರಿಂದ ಲೆಕ್ಕ ಕೇಳುವ ಹಕ್ಕೂ ಅವರದೇ ಆಗಿತ್ತು, ಕೇಳಿದರು. ಕೇಂದ್ರ ಸರ್ಕಾರ 2020ರಿಂದ ಹಲವು ವಲಯಗಳಲ್ಲಿ ಉತ್ಪಾದನೆ ಹೆಚ್ಚಿಸಿದ ಮೇಲಷ್ಟೇ ಪ್ರೋತ್ಸಾಹಧನ ಕೊಡುವ ಪದ್ಧತಿ ತಂದಿದೆ. ಮೊಬೈಲ್ ಫೋನಿನಲ್ಲಿ ಅದು ಫಲ ಕೊಟ್ಟಿದೆ. ಜಮೀನಿನ ವಿಷಯಕ್ಕೆ ಆ ನಿಯಮ ಇನ್ನೂ ಬಂದಿಲ್ಲ. ಗದಗಿನಿಂದ ಪೂರ್ವಕ್ಕೆ, ಬಳ್ಳಾರಿಯ ಕುಡತಿನಿ ಸುತ್ತ, ಅದೇ 2010ರ ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಸ್ವಾಧೀನವಾಯಿತು. ಅಲ್ಲಿ ರೈತರು ಜಮೀನು ಬಿಟ್ಟುಕೊಟ್ಟರು. ಕಾರ್ಖಾನೆಗಳು ಬರಲಿಲ್ಲ. ಸರಿಯಾದ ಬೆಲೆ ಮತ್ತು ಉದ್ಯೋಗ ಕೊಡಿ, ಇಲ್ಲವೇ ಭೂಮಿ ವಾಪಸ್ ಕೊಡಿ ಎಂದು 2022ರ ಕೊನೆಯಲ್ಲಿ ಅವರು ಧರಣಿ ಕುಳಿತರು. ಕೊಟ್ಟ ಜಮೀನಿಗೆ ಇಷ್ಟು ವರ್ಷದೊಳಗೆ ಕುಲುಮೆ ಹೊತ್ತಿಸಬೇಕು, ತಪ್ಪಿದರೆ ಹಿಂದಕ್ಕೆ ಎಂಬ ಷರತ್ತನ್ನು ಕಂಪನಿಗಳ ಮೇಲೆ ಕಟ್ಟುನಿಟ್ಟಾಗಿ ಚಲಾಯಿಸಿದ್ದರೆ ಅವರು ಶಾಮಿಯಾನದ ಕೆಳಗೆ ಕೂರಬೇಕಾಗಿರಲಿಲ್ಲ.